ಅಡುಗೆಮನೆಗೆ ಬಂದ ಹಡಗು

ನಮ್ಮ ಕಾಲೇಜಿನ ಸಾಹಿತ್ಯದ ಉನ್ನತ ತರಗತಿಯಲ್ಲಿ ಒಂದು ಅಮೆರಿಕನ್ ನಾಟಕವನ್ನು, ನಾಟಕ ಓದಿಸದೆ ಕಲಿಸಲಾಗುತ್ತದೆ. ಇದು ಕೊರತೆಯಲ್ಲ, ಪದ್ಧತಿ. ಮೂಲ ಪುಸ್ತಕ ವಿಭಾಗದ ಗಾಜಿನ ಬೀರುವಿನಲ್ಲಿದೆ. ಓದಿದರೆ ಸವೆಯುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಬೀಗ ಹಾಕಲಾಗಿದೆ. ನಾವು ಓದುವುದು ವಿಭಾಗದ ಮುಖ್ಯಸ್ಥರು ಬರೆದ ಗೈಡನ್ನು. ಅದನ್ನು ಕೊಳ್ಳದವರ ಹಾಜರಾತಿ ತಾನಾಗಿಯೇ ಕಡಿಮೆಯಾಗುತ್ತದೆ.

ಗೈಡಿನ ಪ್ರಕಾರ ಕಥೆ ಹೀಗಿದೆ. ಮೊದಲ ಎರಡು ಅಂಕಗಳಲ್ಲಿ ಒಂದು ಅಡುಗೆಮನೆ. ಕೆಲಸ ಕಳೆದುಕೊಂಡ ಅಪ್ಪ, ಅವನೊಡನೆ ಮಾತು ಬಿಟ್ಟ ಮಗ. ಮೂರನೆಯ ಅಂಕದಲ್ಲಿ ಒಂದು ಹಡಗು ಬರುತ್ತದೆ, ನಾವಿಕರು ಹಾಡುತ್ತಾರೆ, ಕಪ್ತಾನ ಒಬ್ಬ ವಿಧವೆಯನ್ನು ಮದುವೆಯಾಗುತ್ತಾನೆ, ಪರದೆ ಬೀಳುತ್ತದೆ. ಅಪ್ಪ ಮಗ ಎಲ್ಲಿ ಹೋದರೆಂದು ಯಾರೂ ಕೇಳಿದವರಿಲ್ಲ. ‘ಅಡುಗೆಮನೆಯಲ್ಲಿ ಹಡಗಿನ ಸಾಂಕೇತಿಕತೆ’ ಎಂಬುದು ಪ್ರತಿವರ್ಷದ ಪ್ರಶ್ನೆ. ಅದರ ಮೇಲೆಯೇ ಡಾಕ್ಟರೇಟ್ ಪಡೆದ ಇಬ್ಬರು ಈಗ ನಮಗೆ ಪಾಠ ಮಾಡುತ್ತಿದ್ದಾರೆ.

ಹಳೆ ಪುಸ್ತಕದ ಅಂಗಡಿಯಲ್ಲಿ ಒಮ್ಮೆ ನನಗೆ ಆ ನಾಟಕವೇ ಸಿಕ್ಕಿತು. ಅಮ್ಮ ಬಟ್ಟೆ ಹೊಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಓದಿ ಹೇಳಿದೆ. ಮೂರನೆಯ ಅಂಕದಲ್ಲಿ ಹಡಗಿರಲಿಲ್ಲ. ಅಪ್ಪ ಹೊರಗೆ ಚಳಿಯಲ್ಲಿ ನಿಂತು ಅಡುಗೆಮನೆಯ ಬಾಗಿಲು ತಟ್ಟುತ್ತಾನೆ. ಮಗ ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಅಷ್ಟಕ್ಕೇ ಪರದೆ. ಅಮ್ಮ ಹೊಲಿಗೆ ನಿಲ್ಲಿಸಿದಳು.

“ತೆಗೀಬೇಕಿತ್ತು ಕಣೇ. ಏನೇ ಆಗ್ಲಿ, ಅಪ್ಪ ಅಲ್ವಾ?”

ಕೊನೆಯ ಪುಟವನ್ನು ನಾನು ಇನ್ನೊಮ್ಮೆ ಓದಿದೆ. ಸಾಹಿತ್ಯವೆಂದರೆ ಇದೇ ಇರಬೇಕು ಅನ್ನಿಸಿತು. ಪಠ್ಯಕ್ರಮದಲ್ಲಿ ಈ ಅಂಶವಿಲ್ಲ.

ಪರೀಕ್ಷೆಯಲ್ಲಿ ಬಾಗಿಲಿನ ಬಗ್ಗೆ ಬರೆದೆ, ಸೊನ್ನೆ ಬಂತು. ಇನ್ನೊಮ್ಮೆ ಫೇಲಾದರೆ ಸೀಟು ಹೋಗುತ್ತದೆ ಎಂಬುದು ನಿಯಮ. ಪುಸ್ತಕ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ.

“ಸರ್, ಗೈಡಿಗೆ ಬೇರೆ ಯಾವುದೋ ನಾಟಕದ ಮೂರನೇ ಅಂಕ ಸೇರ್ಕೊಂಡಿದೆ. ಪ್ರೆಸ್ಸಲ್ಲಿ ಹಾಳೆ ಅದಲುಬದಲಾಗಿರ್ಬೇಕು.”

ಅವರು ಎರಡನ್ನೂ ತಿರುವಿ ನೋಡಿ ಕನ್ನಡಕ ಒರೆಸಿಕೊಂಡರು.

“ಗೈಡು ಎಷ್ಟನೇ ಮುದ್ರಣ, ನೋಡಮ್ಮ.”

“ಹನ್ನೊಂದನೇದು, ಸರ್.”

“ನಿನ್ನ ಈ ನಾಟಕ?”

“ಒಂದನೇದು.”

“ಮತ್ತೆ? ಯಾವುದು ಪರಿಷ್ಕೃತ ಅಂತ ನೀನೇ ಹೇಳು.”

ಆದರೂ ಅನ್ಯಾಯವಾಗಬಾರದೆಂದು ಸಮಿತಿ ರಚಿಸಲಾಯಿತು. ಹಡಗಿನ ಡಾಕ್ಟರರಿಬ್ಬರೂ ಅದರ ಸದಸ್ಯರು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವವರು ಎನ್ನಲಿ, ಆ ಹಡಗಿನ ಬಗ್ಗೆ ಅವರಷ್ಟು ತಿಳಿದವರು ಬೇರೆ ಇರಲಿಲ್ಲ. ತೀರ್ಪು ಸೂಚನಾ ಫಲಕದಲ್ಲಿ ಬಂತು:

“ಸದರಿ ನಾಟಕಕಾರರು ಮೂರನೆಯ ಅಂಕದಲ್ಲಿ ಹಡಗನ್ನು ತರಲು ವಿಫಲರಾಗಿರುವುದು ದೃಢಪಟ್ಟಿದೆ. ಈ ಲೋಪಕ್ಕೆ ವಿಭಾಗವು ಹೊಣೆಯಲ್ಲ. ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಮೂಲ ಪ್ರತಿಯನ್ನು ಗೈಡಿಗೆ ಅನುಗುಣವಾಗಿ ತಿದ್ದತಕ್ಕದ್ದು. ಹನ್ನೆರಡನೆಯ ಮುದ್ರಣವನ್ನು ಕೊಳ್ಳುವುದು ಕಡ್ಡಾಯ.”

ಬೀರುವಿನ ಬೀಗ ತೆಗೆದರು. ಬಾಗಿಲಿನ ಹಾಳೆಗಳನ್ನು ಕತ್ತರಿಸಿ, ಹಡಗಿನ ಹಾಳೆಗಳನ್ನು ಅಂಟಿಸಿ ಮತ್ತೆ ಬೀಗ ಹಾಕಿದರು. ನನ್ನ ಪ್ರತಿಯನ್ನೂ ತರಿಸಿಕೊಂಡು ಉಚಿತವಾಗಿ ತಿದ್ದಿಕೊಟ್ಟರು. ಕೈಗೆ ಬಂದಾಗ ಗೋಂದು ಇನ್ನೂ ಹಸಿಯಾಗಿತ್ತು.

ಡಾಕ್ಟರರಲ್ಲಿ ಕಿರಿಯರು ಮೆಟ್ಟಿಲ ಬಳಿ ನಿಲ್ಲಿಸಿ ಸಮಾಧಾನ ಹೇಳಿದರು. “ಬೇಜಾರು ಮಾಡ್ಕೋಬೇಡಮ್ಮ. ಓದೋವಾಗ ನಂಗೂ ಆ ಅಪ್ಪ ಎಲ್ಲಿ ಹೋದ ಅಂತ ಅನ್ನಿಸ್ತಿತ್ತು. ಕೆಲಸ ಸಿಕ್ಕಿದ್ಮೇಲೆ ಸರಿಹೋಯ್ತು.”

ಇಷ್ಟು ಓದಿದ ಮನುಷ್ಯ ಇಷ್ಟು ಹೇಡಿಯಾಗಲು ಎಷ್ಟು ಶ್ರಮಪಟ್ಟಿರಬೇಕೆಂದು ಅಸಹ್ಯವಾಯಿತು. ಆದರೆ ಮರುಪರೀಕ್ಷೆ ಹತ್ತಿರವಿತ್ತು.

ಹಡಗಿನ ಬಗ್ಗೆ ಬರೆದೆ. ನಾವಿಕರ ಹಾಡನ್ನೂ ಬಿಡಲಿಲ್ಲ. ಮೊದಲ ದರ್ಜೆ ಬಂತು. ಮುಖ್ಯಸ್ಥರು ಬೆನ್ನು ತಟ್ಟಿ, ಆ ಹಡಗಿನ ಲಂಗರಿನ ಮೇಲೆ ಇನ್ನೂ ಯಾರೂ ಸಂಶೋಧನೆ ಮಾಡಿಲ್ಲವೆಂದು ನೆನಪಿಸಿದರು.

ಮನೆಗೆ ಬಂದಾಗ ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಅಲ್ವೇ, ಕೊನೆಗೆ ಆ ಹುಡುಗ ಬಾಗಿಲು ತೆಗೆದ್ನಾ?”

“ಈಗ ಬಾಗಿಲೇ ಇಲ್ಲಮ್ಮ. ಹಡಗು ಬಂತು.”

“ಅಡುಗೆಮನೆಗಾ?”

“ಹೂಂ.”

ಅಮ್ಮ ದಾರದ ತುದಿಯನ್ನು ಕತ್ತರಿಸಿದಳು.

“ನೀನು ಪಾಸಾದ್ಯಲ್ಲ?”

“ಮೊದಲ ದರ್ಜೆ.”

“ಹಾಗಿದ್ರೆ ಬಂದಿರುತ್ತೆ ಬಿಡು,” ಎಂದು ಅಮ್ಮ ಹೊಲಿಗೆ ಯಂತ್ರ ತುಳಿಯತೊಡಗಿದಳು.