ಸಾಹೇಬರ ಗಾಡಿಗೆ ಪಿಕಪ್ ಬಂದದ್ದು

ಗ್ಯಾರೇಜ್ ಇಟ್ಟವನು ನಗೋಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗುವೇ ಯಾರ ಕೈಲೋ ತಳ್ಳಿಸಿಕೊಂಡೋ, ತೆವಳಿಕೊಂಡೋ ಬಂದು ಬಾಗಿಲಲ್ಲಿ ನಿಲ್ಲುತ್ತೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆರ್‌.ಟಿ. ನಗರದ ನನ್ನ ಗ್ಯಾರೇಜಿಗೆ ಹಾಗೆ ಬಂದದ್ದು ಯಶವಂತಪುರದ ಮರದ ವ್ಯಾಪಾರಿ ಸಾಹೇಬರ ಅಮೆರಿಕನ್ ಕಾರು. ಎಂಟು ಸಿಲಿಂಡರ್, ಹುಲಿಯಂಥ ಸದ್ದು.

ರೈಲ್ವೆ ಗೇಟು

"ಓಡೋಕೆ ಶುರುವಾದ್ರೆ ಕುದುರೆ, ಉಸ್ತಾದ್. ಪಿಕಪ್ಪೇ ಇಲ್ಲ, ನಿಂತ ಕಡೆಯಿಂದ ಹೊರಡೋಕೇ ಶಕ್ತಿ ಇಲ್ಲ," ಅಂದ್ರು ಸಾಹೇಬರು. ಹಿಂದಿನ ದಿನ ರೈಲು ಹೋಗಿ ಗೇಟು ತೆಗೆದಾಗ ಇವರು ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಬರೀ ಗುರುಗುಟ್ಟಿತಂತೆ. ಪಕ್ಕದ ಎತ್ತಿನಗಾಡಿಯವನು ಮುಂದೆ ಹೋಗಿ, ತಿರುಗಿ ನೋಡಿ, "ಸ್ವಾಮಿ, ಕಟ್ಟಿ ಎಳೆಯೋಕೆ ಅಗ್ಗ ಕೊಡ್ಲಾ?" ಅಂದನಂತೆ.

ನಾನು ನಕ್ಕೆ. ಸಾಹೇಬರು ನಗಲಿಲ್ಲ. "ಬರೋ ವಾರ ಮಗನ ಮದುವೆ. ಇದೇ ಗಾಡೀಲಿ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನಡುರಸ್ತೇಲಿ ನಿಂತ್ರೆ?"

ಅಮ್ಮನ ಕಿವಿ

ಮೊದಲು, ಕಿಡಿ ಸ್ವಲ್ಪ ಬೇಗ ಹಾರಲಿ ಅಂತ ಇಂಜಿನ್ ಟೈಮಿಂಗ್ ಸ್ವಲ್ಪ ಮುಂದಕ್ಕೆ ತಿರುಗಿಸಿದೆ. ಆತುರದಲ್ಲಿ ಜಾಸ್ತಿಯೇ ಆಯ್ತು. ಟ್ರಯಲ್‌ಗೆ ಹಿಂದಿನ ಸೀಟಲ್ಲಿ ಸಾಹೇಬರ ತಾಯಿ. ಏರಿನಲ್ಲಿ ಇಂಜಿನ್ ಟಕಟಕ ಬಡಿಯೋಕೆ ಶುರುವಾಯ್ತು. ಅಮ್ಮ ನನ್ನ ಭುಜ ತಟ್ಟಿದರು: "ಬೇಟಾ, ಒಳಗೆ ಯಾರೋ ಬಾಗಿಲು ಬಡೀತಿದಾರೆ. ಮೊದ್ಲು ತೆಗೆದುಬಿಡು."

ದೊಡ್ಡದು, ಚಿಕ್ಕದು

ಟೈಮಿಂಗ್ ಸರಿಮಾಡಿ ಹುಡುಕಿದಾಗ ಗೊತ್ತಾಯ್ತು: ಹಿಂದಿನ ಮಾಲೀಕ ಸ್ಪೀಡಿನ ಆಸೆಗೆ ಭಾರೀ ಕಾರ್ಬುರೇಟರ್ ಕೂರಿಸಿದ್ದ. ಬಾಯಿ ಅಷ್ಟು ಅಗಲ ಇದ್ದರೆ ನಿಧಾನದಲ್ಲಿ ಗಾಳಿ, ಪೆಟ್ರೋಲ್ ಸರಿಯಾಗಿ ಬೆರೆಯೋದಿಲ್ಲ. ಚಿಕ್ಕದನ್ನು ಹಾಕಿದೆ.

"ಶಕ್ತಿ ಕೇಳಿದ್ರೆ ಸಾಮಾನು ಚಿಕ್ಕದು ಮಾಡ್ತೀಯಲ್ಲಪ್ಪಾ!" ಸಾಹೇಬರ ಮುಖ ಬಾಡಿತು.

"ನಮ್ಮನೇಲಿ ಎಲ್ಲರಿಗಿಂತ ಚಿಕ್ಕವಳು ನನ್ನ ಹೆಂಡತಿ, ಸಾಹೇಬ್ರೇ. ಮನೆ ಎಳೆಯೋದು ಅವಳೇ," ಅಂದೆ. ತೆಪ್ಪಗೆ ಒಪ್ಪಿಕೊಂಡರು.

ಮೆರವಣಿಗೆ

ಮದುವೆ ದಿನ ಸಾಹೇಬರೇ ಡ್ರೈವರ್. ಪಕ್ಕದಲ್ಲಿ ಮುಖದ ತುಂಬ ಹೂವಿನ ಪರದೆ ಇಳಿಬಿಟ್ಟ ಮದುಮಗ, ಹಿಂದೆ ಟೂಲ್ ಚೀಲ ಹಿಡಿದ ನಾನು. ಹೆಬ್ಬಾಳದ ಏರಿಗೆ ಮೊದಲು ಬ್ಯಾಂಡಿನವರು, ನೆಂಟರು ಎಲ್ಲ ರಸ್ತೆಪಕ್ಕ ಟೀ ಕುಡಿಯೋಕೆ ನಿಂತರು. ಅವರು ಮುಗಿಸೋದರೊಳಗೆ ಗಾಡಿ ಏರು ಹತ್ತಿಸಿ ಕಾಯೋಣ ಅಂತ ಸಾಹೇಬರು ಹಳೇ ಅಭ್ಯಾಸದಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರು.

ಗಾಡಿ ಹಾರಿತು! "ಕಾಲು ತೆಗೀರಿ ಸಾಹೇಬ್ರೇ!" ಅಂತ ನಾನು ಕೂಗಿ, ಅವರು ಕಾಲು ತೆಗೆದು ಬ್ರೇಕ್ ಒತ್ತುವಷ್ಟರಲ್ಲಿ ಏರೂ ಮುಗಿದಿತ್ತು, ಹೆಣ್ಣಿನ ಮನೆಯ ಶಾಮಿಯಾನವೂ ಬಂದಿತ್ತು. ಅಡುಗೆಯವರು ಇನ್ನೂ ಈರುಳ್ಳಿ ಹೆಚ್ಚುತ್ತಿದ್ದರು. ಹುಡುಗಿಯ ಸೋದರಮಾವ ಒಂದೇ ಚಪ್ಪಲಿಯಲ್ಲಿ ಓಡಿಬಂದು ಖಾಲಿ ರಸ್ತೆ ನೋಡಿ, ಮದುಮಗನನ್ನು ನೋಡಿ, "ಏನ್ ಅಳಿಯಂದ್ರೇ, ಇಷ್ಟೊಂದು ಅವಸರಾನಾ?" ಅಂದ.

ಬೆಳಗಿಂದ ಬಾಯಿ ಬಿಡದಿದ್ದ ಹುಡುಗ ಹೂವಿನ ಪರದೆ ಸರಿಸಿ ಅಪ್ಪನ ಕಡೆ ಬೆರಳು ತೋರಿಸಿದ. "ನನಗಲ್ಲ ಮಾಮೂ, ಅಬ್ಬಾಗೆ!"