ಕಾಕಾನ ಟವರ್ ಸ್ಪೀಕರ್, ಕಾಕಿಯ ಮುದಗಲ್ ಬಸ್ಸು

ಸಿಂಧನೂರಿನಿಂದ ಲಿಂಗಸುಗೂರಿನ ತನಕ ಸ್ಪೀಕರ್ ಮಾರುವವರೆಲ್ಲ ನಮ್ಮ ಕಾಕಾನನ್ನು ದೂರದಿಂದ ಕಂಡರೆ ಸಾಕು, ಊಟಕ್ಕೆ ಹೋಗಿಬಿಡುತ್ತಾರೆ. ಬೆಳಿಗ್ಗೆ ಆಗತಾನೆ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದವರೂ ಊಟಕ್ಕೆ ಹೋಗುತ್ತಾರೆ! ಉತ್ಪ್ರೇಕ್ಷೆ ಎನ್ನುವವರು ಒಮ್ಮೆ ಕಾಕಾನ ಜೊತೆ ಸ್ಪೀಕರ್ ಕೊಳ್ಳಲು ಹೋಗಿ ನೋಡಬೇಕು. ನಾನು ಹೋಗಿದ್ದೇನೆ. ಎಷ್ಟು ಸಲ ಎಂದು ಕೇಳಬೇಡಿ. ಕಾಕಾ ಒಂದು ಹೇಳುತ್ತಾರೆ, ಕಾಕಿ ಇನ್ನೊಂದು ಹೇಳುತ್ತಾರೆ, ನನ್ನ ನೆನಪು ನಾಚಿಕೆಯಿಲ್ಲದೆ ಇಬ್ಬರಿಗೂ ಹೂಂಗುಟ್ಟುತ್ತದೆ. ಮೊದಲು ಹೋದದ್ದು ಲಿಂಗಸುಗೂರಿಗೋ ಸಿಂಧನೂರಿಗೋ ಎಂಬುದರ ಬಗ್ಗೆಯೇ ಮನೆಯಲ್ಲಿ ಇನ್ನೂ ತಕರಾರಿದೆ. ಓದುವವರಿಗೆ ಸುಲಭವಾಗಲೆಂದು ಲಿಂಗಸುಗೂರನ್ನು ನಾನೇ ಮುಂದಕ್ಕೆ ಎಳೆದು ಕೂರಿಸಿದ್ದೇನೆ. ನೆನಪುಗಳೆಲ್ಲ ಹೀಗೆಯೇ ತಯಾರಾಗುತ್ತವೆ ಎಂದು ನನ್ನ ಗುಮಾನಿ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಮಸ್ಕಿಯಲ್ಲಿ ಮನೆ. ನಿವೃತ್ತ ಪಿ.ಟಿ. ಮಾಸ್ತರು. ನೌಕರಿಯುದ್ದಕ್ಕೂ ಮಕ್ಕಳನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿದವರು. ನಿವೃತ್ತಿಯಾದ ಮೇಲೆ ನಿಲ್ಲಿಸಲು ಯಾರೂ ಸಿಗದೆ, ನಿಂತೇ ಹಾಡುವ ಸ್ಪೀಕರಿನ ಹುಚ್ಚು ಹತ್ತಿಸಿಕೊಂಡರು ಎಂದು ಓಣಿಯವರು ನಗುತ್ತಾರೆ. ಕಾರಣ ಅದಲ್ಲ. ಕಾರಣ ಕಾಕಿ.

ನಿವೃತ್ತಿಯ ನಂತರ ಆ ಮನೆಯಲ್ಲಿ ಎರಡು ಸಪ್ಪಳಗಳು ಬೇರೆ ಬೇರೆ ಸಂಸಾರ ಹೂಡಿದ್ದವು. ಪಡಸಾಲೆಯಲ್ಲಿ ಕಾಕಾನ ಹಳೇ ಹಾಡಿನ ಡಬ್ಬಿಯಿಂದ ವಚನ, ತತ್ವಪದ. ಅಡುಗೆಮನೆಯಲ್ಲಿ ಕಾಕಿಯ ಸಿನಿಮಾ. ಅದೂ ಅಂಗೈಯಗಲದ ಮೊಬೈಲಿನಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು. ಕಾಕಾ ಚಹಾ ಕೇಳಿದರೆ ಕಾಕಿಗೆ ಕೇಳದು, ಕಾಕಿ ಊಟಕ್ಕೆ ಕರೆದರೆ ಕಾಕಾಗೆ ಕೇಳದು. ಬೇಸತ್ತ ಕಾಕಿ ಮುದಗಲ್ಲಿನ ತಂಗಿಯ ಮನೆಗೆ ಹೋಗತೊಡಗಿದರು. ಅಲ್ಲಿ ದೊಡ್ಡ ಟಿ.ವಿ., ಪಕ್ಕದಲ್ಲಿ ತಂಗಿ, ಇಬ್ಬರ ನಡುವೆ ಒಗ್ಗರಣೆ ಹಾಕಿದ ಚುರುಮುರಿ. ಮೊದಮೊದಲು ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದರು. ಆಮೇಲೆ ಒಂದು ಸೀರೆ ಮಡಚಿಕೊಂಡು ಹೋದರು. ಆಮೇಲೆ ಬ್ಯಾಗು. ಆ ಬ್ಯಾಗು ಪ್ರತಿ ಸಲವೂ ಒಂದಿಷ್ಟು ದಪ್ಪವಾಗುತ್ತಿತ್ತು.

ಒಂದು ದಿನ ಸಿಂಧನೂರಿನಲ್ಲಿದ್ದ ನನಗೆ ಕಾಕಾನ ಫೋನು ಬಂತು.

"ಲೇ ತಮ್ಮಾ, ಈ ಸಲ ಆಕಿ ಹಲ್ಲು ತಿಕ್ಕೋ ಬ್ರಷ್ ಮುದಗಲ್ಲಾಗ ಬಿಟ್ಟು ಬಂದಾಳ."

"ಮರತು ಬಂದಿರಬೇಕು ಬಿಡ್ರಿ ಕಾಕಾ."

"ಮರತಿಲ್ಲೋ! ಹಳೇದು ಅಲ್ಲಿ ಇರಲಿ ಅಂತ ಇಲ್ಲಿಗೆ ಹೊಸಾದು ತಗೊಂಡಾಳ. ಇಲ್ಲಿಗೆ!"

ಯಾವುದು ಮನೆ, ಯಾವುದು ನೆಂಟರ ಮನೆ ಎಂಬುದೇ ಅದಲುಬದಲಾಗುತ್ತಿರುವಾಗ ಯಾರಿಗೆ ತಾನೇ ಭಯವಾಗದು? ಕಾಕಾ ಆ ಭಯಕ್ಕೆ ಮದ್ದನ್ನೂ ತಾವೇ ಕಂಡುಹಿಡಿದಿದ್ದರು. "ಹಾಡಿಗೂ ಆಗಬೇಕು, ಸಿನಿಮಾಕ್ಕೂ ಆಗಬೇಕು, ಅಂಥಾ ಸ್ಪೀಕರ್ ತರೋಣು. ಇಬ್ಬರೂ ಒಂದೇ ಖೋಲ್ಯಾಗ ಕುಂತು ಒಂದೇ ಆವಾಜ್ ಕೇಳಬೇಕು." ಬೇರೆ ಯಾರಾದರೂ ಆಗಿದ್ದರೆ ಹೆಂಡತಿಗೆ "ಬಾ, ಇಲ್ಲೇ ಕುಂದ್ರು" ಎಂದು ಹೇಳಿ ಮುಗಿಸುತ್ತಿದ್ದರು. ಆದರೆ ನಮ್ಮ ಮನೆತನದ ಗಂಡಸರು ಅಷ್ಟು ಸುಲಭದ ಮಾತು ಆಡಿದ ಉದಾಹರಣೆಯಿಲ್ಲ!

ಲಿಂಗಸುಗೂರಿನ ಅಂಗಡಿಯವನು ಮೊದಲು ಕಪಾಟಿನ ಮೇಲಿಡುವ ಎರಡು ಪುಟ್ಟ ಸ್ಪೀಕರ್ ತೋರಿಸಿದ. ಕಾಕಾ ಹುಬ್ಬು ಗಂಟಿಕ್ಕಿದರು.

"ಇವು ಕುಂತಾವಲ್ಲ!"

"ಸ್ಟ್ಯಾಂಡ್ ಬರತೈತ್ರಿ ಸರ. ಅದರ ಮ್ಯಾಲೆ ಇಟ್ರ ಬರಾಬರಿ ಕಿವಿ ಮಟ್ಟಕ್ಕ ಬರತಾವ."

"ಇನ್ನೊಬ್ಬನ ಹೆಗಲ ಮ್ಯಾಲೆ ಹತ್ತಿದವನ ಎತ್ತರ ನಾ ಎಂದೂ ಬರಕೊಂಡಿಲ್ಲ. ತನ್ನ ಕಾಲ ಮ್ಯಾಲೆ ನಿಂತದ್ದು ತೋರಸು."

ಎದೆಯೆತ್ತರದ ಟವರ್ ಸ್ಪೀಕರುಗಳು ಒಳಗಿನಿಂದ ಬಂದವು. ಕಾಕಾ ಅವುಗಳ ಸುತ್ತ ಪ್ರದಕ್ಷಿಣೆ ಹಾಕಿದರು, ಬೆರಳಿನಿಂದ ಮೆಲ್ಲಗೆ ನೂಕಿ ಅಲುಗುತ್ತವೆಯೇ ನೋಡಿದರು, ಎರಡರ ಸಾಲು ಸರಿಪಡಿಸಿದರು. ಹಾಡು ಶುರುವಾಯಿತು. ಹಾಡು ಶುರುವಾದದ್ದೇ ತಡ, ಕಾಕಾ ಅಂಗಡಿಯಿಂದ ಹೊರಬಿದ್ದರು! ರಸ್ತೆ ದಾಟಿ ಆಚೆ ಬದಿಯ ಸೈಕಲ್ ಅಂಗಡಿಯ ಮುಂದೆ ನಿಂತು, ಕಿವಿಗೆ ಕೈ ಹಿಡಿದು, ಮತ್ತೆ ರಸ್ತೆ ದಾಟಿ ಬಂದರು.

"ಅಲ್ಲಿ ಮಟ ಬರತೈತಿ. ಅಷ್ಟು ದೂರ ಬ್ಯಾಡ. ಪಡಸಾಲ್ಯಾಗಿಂದ ಅಡಗಿಮನಿ ಮಟ ಬಂದ್ರ ಸಾಕು."

ಅಂಗಡಿಯವನಿಗೆ ಇದು ತಲೆಬುಡ ತಿಳಿಯಲಿಲ್ಲ. ಸಿನಿಮಾದಲ್ಲಾದರೂ ಗೆಲ್ಲೋಣವೆಂದು ಒಂದು ಯುದ್ಧದ ದೃಶ್ಯ ಹಾಕಿದ. ಬಾಂಬು ಬಿತ್ತು. ಗಾಜಿನ ಬಾಗಿಲು ಗಡಗಡ ಎಂದಿತು. ಫ್ಯಾನ್ ಕೊಳ್ಳಲು ಬಂದಿದ್ದವರೊಬ್ಬರ ಚಹಾ ಅವರ ಅಂಗಿಯ ಮೇಲೆ ಬಿತ್ತು.

"ಹೆಂಗೈತ್ರಿ ಸರ?"

"ಬಾಂಬ್ ಬೀಳೋಕಿಂತ ಮೊದಲು ಆ ಹೆಣ್ಮಗಳು ಏನೋ ಅಂದಳಲ್ಲ, ಏನಂದಳು?"

ಮತ್ತೆ ಹಾಕಿದ. ಮತ್ತೆ ಬಾಂಬು. ಆ ಹೆಣ್ಣುಮಗಳು ಏನಂದಳೋ ಅಂಗಡಿಯವನಿಗೂ ಗೊತ್ತಾಗಲಿಲ್ಲ. ಮನೆಯ ಟಿ.ವಿ.ಯ ಮೇಲೆ ಕಾಕಿಯ ದೂರು ಇದೇ ಆಗಿತ್ತು: ಮಾತು ಪಿಸುಪಿಸು, ಹೊಡೆದಾಟ ಢಮಢಮ, ರಿಮೋಟ್ ಒತ್ತಿ ಒತ್ತಿ ಹೆಬ್ಬೆರಳು ಸವೆಯುತ್ತದೆ. ಅಂಗಡಿಯವನು ಕೊನೆಯ ಅಸ್ತ್ರ ಬಿಟ್ಟ.

"ಮಾತಿಗೇ ಅಂತ ಬ್ಯಾರೆ ಸ್ಪೀಕರ್ ಬರತೈತ್ರಿ. ನಡುವ ಇಡೋದು."

"ಮಾತಿಗೆ ಬ್ಯಾರೆ, ಹಾಡಿಗೆ ಬ್ಯಾರೆ? ಅದು ನಮ್ಮ ಮನ್ಯಾಗ ಈಗಾಗಲೇ ಐತೋ ಮಾರಾಯ! ಅದನ್ನ ಕೂಡಸಾಕ ಬಂದೀನಿ ನಾ!"

ಅಂಗಡಿಯವನು ಊಟಕ್ಕೆ ಹೋದ.

ಸಿಂಧನೂರಿನ ಅಂಗಡಿಯ ಮಾಲೀಕ ಕಾಕಾನ ಹಳೇ ಶಿಷ್ಯ. ಈಗ ಅವನಿಗೂ ಬೊಜ್ಜು ಬಂದಿದೆ. ಆದರೂ ಕಾಕಾ ಒಳಗೆ ಕಾಲಿಟ್ಟೊಡನೆ ಹೊಟ್ಟೆ ಒಳಕ್ಕೆಳೆದು ಎದ್ದು ನಿಂತ. "ಇಲ್ಲಿ ಕೇಳಿದ್ರ ತಿಳಿಯಂಗಿಲ್ರಿ ಸರ. ಮನಿಗೆ ಒಯ್ರಿ, ಕೇಳ್ರಿ. ಸೇರಿದ್ರ ಇಟಗೋರಿ, ಇಲ್ಲಾಂದ್ರ ವಾಪಸ್ ಕೊಡ್ರಿ" ಎಂದ. ಅದು ಭಕ್ತಿಯೋ, ಬೇಗ ಕಳಿಸುವ ಉಪಾಯವೋ ನಾ ಅರಿಯೆ.

ಅವನು ಕೊಟ್ಟ ಎರಡು ಟವರ್ ಸ್ಪೀಕರುಗಳನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿ ಒಯ್ಯೋಣವೆಂದರೆ ಕಾಕಾ ಒಪ್ಪಲಿಲ್ಲ. ನಿಲ್ಲುವ ಜಾತಿಯವನ್ನು ಮಲಗಿಸುವುದೆಂದರೇನು! ಧೂಳು ಕೂರದಂತೆ ಎರಡಕ್ಕೂ ಬಿಳಿ ಪಂಚೆ ಹೊದಿಸಿ, ನಡುವೆ ತಾವು ನಿಂತು, ಎರಡನ್ನೂ ಬಗಲಲ್ಲಿ ಅಪ್ಪಿಕೊಂಡು ಮಸ್ಕಿಯ ತನಕ ಬಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಆಟೋ ನಿಧಾನವಾದಾಗ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದಳು.

"ಯಾವ ದೇವ್ರೋ ಯಪ್ಪಾ?"

"ಇನ್ನೂ ಗೊತ್ತಿಲ್ಲಬೇ ಯವ್ವಾ. ಮನಿಗೆ ಒಯ್ದ ಮ್ಯಾಲೆ ಗೊತ್ತಾಗತೈತಿ," ಎಂದರು ಕಾಕಾ.

ನಾನು ಆಗ ಆಟೋದಲ್ಲಿದ್ದೆನೋ, ಹಿಂದೆ ಬೈಕಿನ ಮೇಲಿದ್ದೆನೋ ಹೇಳಲಾರೆ. ಇದನ್ನು ಕಾಕಾ ಹೇಳಿ ಹೇಳಿ ನಾನು ಕಂಡದ್ದೇ ಆಗಿಬಿಟ್ಟಿದೆ.

ಮನೆಯಲ್ಲಿ ಕಾಕಿ ಇದ್ದರು. ಸಾಲಗುಂದದ ಹೊಲವನ್ನು ಪಾಲಿಗೆ ಕೊಟ್ಟಿದ್ದರಿಂದ, ಪಾಲಿನ ಭತ್ತ ಆ ವಾರ ಮನೆಗೆ ಬಂದಿತ್ತು. ಚೀಲ ಒಟ್ಟಿಸುವ ಕೆಲಸದಲ್ಲಿ ಕಾಕಿಗೆ ಗಂಡನ ಮೇಲೆ ನಂಬಿಕೆಯಿಲ್ಲ. ಅದಕ್ಕೆಂದೇ ಮುದಗಲ್ಲಿನಿಂದ ಬಂದಿದ್ದರು. ಪಡಸಾಲೆಯ ಮೂರೂ ಗೋಡೆಗೆ ಭತ್ತದ ಚೀಲಗಳು ಮಾಡು ಮುಟ್ಟಿದ್ದವು. ಉಳಿದ ಜಾಗದಲ್ಲಿ ಸ್ಪೀಕರ್ ನಿಲ್ಲಿಸಿ, ಟಿ.ವಿ.ಗೆ ವೈರು ಸಿಕ್ಕಿಸಿ, ಕಾಕಾ ಒಂದು ಸಿನಿಮಾ ಹಚ್ಚಿದರು.

ಏನು ಹೇಳಲಿ! ಪ್ರತಿಯೊಂದು ಮಾತೂ ಬಿಡಿಬಿಡಿಯಾಗಿ, ಪಕ್ಕದಲ್ಲೇ ಕೂತು ಹೇಳಿದಂತೆ. ಅಡುಗೆಮನೆಯ ಬಾಗಿಲಿಗೆ ಕಾಕಿ ಬಂದರು. ಕಿವಿಯ ಒಂದು ವೈರು ತೆಗೆದರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆದರು. "ಮಾತು ಕೇಳತಾವಲ್ರೀ!" ಎಂದು ಒಂದು ಚೀಲದ ಮೇಲೆ ಕೂತವರು ಸಿನಿಮಾ ಮುಗಿಯುವ ತನಕ ಏಳಲಿಲ್ಲ. ಕಾಕಾ ಹಿತ್ತಲಿಗೆ ಓಡಿ ಸಿಂಧನೂರಿಗೆ ಫೋನು ಹಚ್ಚಿದರು. "ಇವು ನನ್ನವು! ವಾಪಸ್ ಅನ್ನೋ ಮಾತೇ ಇಲ್ಲ!"

ಕಾಕಿ ಆ ವಾರವೆಲ್ಲ ಮುದಗಲ್ಲಿನ ಹೆಸರೆತ್ತಲಿಲ್ಲ. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ದಲಾಲರ ಲಾರಿ ಬಂತು, ಹಮಾಲರು ಬಂದರು, ಭತ್ತ ಹೋಯಿತು.

ಅಂದು ಸಂಜೆ ಸಿನಿಮಾ ಹಚ್ಚಿದರೆ, ಮಾತೆಲ್ಲ ಬಾವಿಯೊಳಗಿಂದ ಬಂದ ಹಾಗೆ! ಬೋಳು ಗೋಡೆ, ಕಲ್ಲುಹಾಸಿನ ನೆಲ. "ಒಬ್ಬ ಮಾತಾಡಿದ್ರ ನಾಕು ಮಂದಿ ಮಾತಾಡಿದಂಗ ಆಗತೈತಿ" ಎಂದು ಕಾಕಿ ಎದ್ದು ಹೋದರು. ಅಡುಗೆಮನೆಯಲ್ಲಿ ಮತ್ತೆ ಮೊಬೈಲು ಬೆಳಗಿತು.

ಕಾಕಾ ಶಿಷ್ಯನ ಮೇಲೆ ಹರಿಹಾಯ್ದರು. ಸ್ಪೀಕರನ್ನು ಮೂಲೆಗೆ ಸರಿಸಿದರು, ಮೂಲೆಯಿಂದ ನಡುವಿಗೆ ತಂದರು, ಗೋಡೆಗೆ ಬೆನ್ನು ಮಾಡಿಸಿದರು, ನನ್ನನ್ನು ಕರೆಸಿ ನನ್ನ ಕೈಯಲ್ಲೂ ಸರಿಸಿಸಿದರು. ಕೊನೆಗೆ ಹೈರಾಣಾಗಿ, ವರ್ಷದ ಜೋಳದ ಚೀಲಗಳಿದ್ದ ಉಗ್ರಾಣದಲ್ಲಿ ತಂದು ಹಚ್ಚಿದೆವು. ಮಾತು ಬಿಡಿಬಿಡಿಯಾಗಿ ಕೇಳಿತು! ಇಬ್ಬರೂ ಚೀಲ ನೋಡಿದೆವು. ಸ್ಪೀಕರ್ ನೋಡಿದೆವು.

"ಲೇ! ನಾ ಸ್ಪೀಕರ್ ತಗೊಂಡು ಭತ್ತ ಮಾರೀನಲ್ಲೋ!"

ಮರುದಿನ ಸಿಂಧನೂರಿನ ದಲಾಲಿ ಅಂಗಡಿಯಲ್ಲಿ, ಊರೆಲ್ಲ ಭತ್ತ ಮಾರಲು ಸಾಲು ನಿಂತಿರುವಾಗ, ಕಾಕಾ ಕೊಳ್ಳಲು ನಿಂತರು.

"ಯಾವ ತಳಿ ಬೇಕ್ರಿ ಮಾಸ್ತರ್ರ?"

"ತಳಿ ಯಾವುದರೆ ಇರಲಿ. ಸಪ್ಪಳ ಕುಡಿಯಬೇಕು ನೋಡು."

ದಲಾಲ ನನ್ನ ಕಡೆ ತಿರುಗಿ, ಕಣ್ಣಲ್ಲೇ "ಯಾವಾಗಿಂದ ಹಿಂಗ?" ಎಂದು ಕೇಳಿದ. ನಾನು ಕಾಕಾನನ್ನು ಎಳೆದುಕೊಂಡು ಹೊರಬಂದೆ. ಅವರು ಸುಮ್ಮನಾಗುವವರೇ? ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತುಂಬಿಸಿಕೊಂಡು ಬಂದು ಮೂರೂ ಗೋಡೆಗೆ ಒಟ್ಟಿದರು. ಸಪ್ಪಳವೇನೋ ಸರಿಹೋಯಿತು. ಆದರೆ ಹೊಟ್ಟಿನ ಧೂಳು ಗೊತ್ತಲ್ಲ! ಸ್ಪೀಕರಿನ ಬಾಸ್ ಗುಡುಗಿದಾಗಲೆಲ್ಲ ಚೀಲಗಳು ಕೆಮ್ಮುತ್ತಿದ್ದವು. ಕಾಕಿ ಒಂದು ಕೈಯಲ್ಲಿ ಕುತ್ತಿಗೆ ತುರಿಸುತ್ತ, ಇನ್ನೊಂದರಲ್ಲಿ ಸೆರಗು ಹಿಡಿದು ಸೀನುತ್ತ ಎದ್ದರು.

"ಸಿನಿಮಾದಾಗ ಯಾರೂ ಸತ್ತಿಲ್ಲ, ನನ್ನ ಕಣ್ಣಾಗ ನೀರು ಸುರಿಯಾಕತ್ತೈತಿ! ಈ ಹೊಟ್ಟು ಇರೋ ಮಟ ನಾ ಈ ಮನಿಗೆ ಬರಂಗಿಲ್ಲ ನೋಡ್ರಿ."

ಬ್ಯಾಗು ಹೋಯಿತು. ಹೊಸ ಬ್ರಷ್ಷೂ ಹೋಯಿತು. ಅದನ್ನು ಕಾಕಾ ನನಗೆ ಫೋನಿನಲ್ಲಿ ಹೇಳಲಿಲ್ಲ. ಮನೆಗೆ ಹೋದಾಗ ಬಚ್ಚಲ ಗೂಡಿನ ಕಡೆ ನೋಡಿದರು, ನಾನೂ ನೋಡಿದೆ.

ಹೊಟ್ಟನ್ನು ಅಂದೇ ಹೊರಹಾಕಿದೆವು. "ಗೋಡಿಗೆ ದಪ್ಪನ್ನ ಬಟ್ಟಿ ಹಾಕಿದ್ರೂ ನಡೀತೈತಿ ಕಾಕಾ" ಎಂದು ನಾನು ಸುಮ್ಮನೆ ಒಂದು ಮಾತು ಅಂದಿದ್ದೆ. ಮನೆಯಲ್ಲಿ ದಪ್ಪನೆಯ ಬಟ್ಟೆ ಏನಿದೆ? ಟ್ರಂಕಿನ ತುಂಬ ಕೌದಿಗಳಿದ್ದವು. ಕಾಕಿಯೂ ಅವರ ತಂಗಿಯೂ ಹಳೇ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ, ಬೇಸಿಗೆಗೆ ಒಂದರಂತೆ ಕೂತು ಹೊಲಿದಂಥವು. ಕಾಕಾ ಸುತ್ತಿಗೆ ತಂದರು. ಕೌದಿ ಎಂದರೆ ನೆನಪುಗಳ ತೇಪೆ ಎಂದೇನಾದರೂ ಬರೆಯಲು ಇದು ಪ್ರಶಸ್ತ ಜಾಗ. ನಾನು ಬರೆಯುವುದಿಲ್ಲ. ಆಗ ಅದು ಮೊಳೆ ಹೊಡೆದ ಹಾಸಿಗೆ, ಅಷ್ಟೇ. ಪಕ್ಕದ ಮನೆಯಾಕೆ ಕಿಟಕಿಯಿಂದ ಇದನ್ನು ಕಂಡು ಮುದಗಲ್ಲಿಗೆ ಫೋನು ಮಾಡಿದಳು.

ಎಷ್ಟು ಕರೆದರೂ ಬಾರದ ಕಾಕಿ, ಇಲ್ಲ, ತಪ್ಪಿತು, ಕಾಕಾ ಕರೆದೇ ಇರಲಿಲ್ಲ, ಸಿಕ್ಕ ಬಸ್ಸಿಗೆ ಲಿಂಗಸುಗೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಮಟಮಟ ಮಧ್ಯಾಹ್ನ ಮನೆಗೆ ಬಂದಿಳಿದರು.

"ಕೌದಿಗೆ ಮೊಳಿ ಹೊಡೆದೀರಿ? ಕೌದಿಗೆ? ಕೈಯರೆ ಹೆಂಗ ಬಂದ್ವು ನಿಮಗ?"

"ಸಿನಿಮಾದ ಮಾತು ಕೇಳಂಗಿಲ್ಲ ಅಂತ ನೀನ ಅಂದಿದ್ದೆಲ್ಲ..."

"ನಾ ಏನಂದೆ, ನೀವು ಏನು ಮಾಡೀರಿ! ಬರೇ ಸ್ಪೀಕರ್, ಸ್ಪೀಕರ್! ಮನ್ಯಾಗ ಒಂದು ಜೀವ ಐತಿ ಅನ್ನೋ ಖಬರು ಐತೇನು?"

ಬೈದು ಬೈದು ದಣಿದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಕುರ್ಚಿಗೆ ಕುಸಿದರು. ಕಾಕಾ ತಮಗೆ ಗೊತ್ತಿದ್ದುದನ್ನೇ ಮಾಡಿದರು: ಸಿನಿಮಾ ಹಚ್ಚಿದರು. ಅಣ್ಣನೊಬ್ಬ ತಮ್ಮನನ್ನು ಹುಡುಕಿಕೊಂಡು ಹೋಗುವ ಯಾವುದೋ ಕತೆ. ಮಾತು ಒಂದೊಂದೂ ಸ್ಪಷ್ಟ. ಕಾಕಿ ಎದ್ದು ಹೋಗಲಿಲ್ಲ. ಬ್ಯಾಗನ್ನು ಕೆಳಗಿಡಲೂ ಇಲ್ಲ. ಕಾಕಾ ಪರದೆ ನೋಡುತ್ತಿರಲಿಲ್ಲ, ಬ್ಯಾಗು ನೋಡುತ್ತಿದ್ದರು.

ಅಣ್ಣ ಒಂದು ಮನೆಯ ಬಾಗಿಲು ಬಡಿದ. ಕರೆಂಟು ಹೋಯಿತು.

ಫ್ಯಾನ್ ನಿಧಾನವಾಗಿ ನಿಂತಿತು. ಎದೆಯೆತ್ತರದ ಎರಡು ಸ್ಪೀಕರುಗಳು ಕರಿಯ ಕಂಬಗಳಾಗಿ ನಿಂತವು. ಇನ್ನೇನು ಕಾಕಿ ಎದ್ದರು ಎಂದುಕೊಂಡೆ. ಕಾಕಾನೂ ಹಾಗೇ ಅಂದುಕೊಂಡಿರಬೇಕು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದರು.

"ಬಾಗಲಾ ತೆರೆಯೋದು ಯಾರು ಗೊತ್ತೇನು?" ಎಂದರು ಕಾಕಿ.

"ಯಾರು?"

"ಒಬ್ಬ ಮುದುಕ. ನಾ ಮುದಗಲ್ಲಾಗ ನೋಡೀನಿ ಇದನ್ನ. ಆ ಮುದುಕ ಅವರಪ್ಪ ಅಂತ ನೀವು ತಿಳಕೊಂತೀರಿ. ಅಲ್ಲ!"

"ಮತ್ತ?"

"ತಡೀರಿ, ಹೇಳತೀನಿ." ಕಾಕಿ ಬ್ಯಾಗನ್ನು ನೆಲಕ್ಕಿಟ್ಟು, ಕೈ ಆಡಿಸಲು ಜಾಗ ಮಾಡಿಕೊಂಡರು. ಮುದುಕನ ಗೊಗ್ಗರು ದನಿ ತೆಗೆದರು, ಅಣ್ಣನ ಸಿಟ್ಟು ತೆಗೆದರು, ನಡುವೆ ಬಾಗಿಲಿನ ಕಿರ್ರ್ ಶಬ್ದವನ್ನೂ ಬಾಯಲ್ಲೇ ಮಾಡಿದರು. ಕಾಕಾ ಕುರ್ಚಿಯನ್ನು ಒಂದಿಷ್ಟು ಹತ್ತಿರ ಎಳೆದುಕೊಂಡರು.

ಆಗ ಕರೆಂಟು ಬಂತು. ಸ್ಪೀಕರ್ ಟಪ್ ಎಂದಿತು, ಟಿ.ವಿ. ಬೆಳಗಿತು, ಕಾಕಿಯ ಮಾತು ಅರ್ಧಕ್ಕೆ ನಿಂತಿತು.

ಕಾಕಾ ಎದ್ದು ಹೋಗಿ ಸ್ವಿಚ್ ಆರಿಸಿದರು. ಬಂದು ಕೂತರು.

"ನೀ ಹೇಳು. ಆಮ್ಯಾಲೆ ಏನಾತು?"