ಏಣಿ ಗುರುತಿಗೆ ಇಪ್ಪತ್ತೊಂದು ಮತ

ಡ್ರಾಯಿಂಗ್ ಮೇಷ್ಟ್ರ ಗ್ರಹಚಾರ ಕೆಟ್ಟದ್ದು ಒಂದು ಕಂದು ಲಕೋಟೆಯಿಂದ. ಒಳಗಿದ್ದದ್ದು ಚುನಾವಣಾ ಕೆಲಸದ ಆದೇಶ. ಮತದಾನದ ದಿನ ಬೆಳಿಗ್ಗೆ ಆರಕ್ಕೆಲ್ಲ ಮತಗಟ್ಟೆಯಲ್ಲಿರಬೇಕು, ಅದಕ್ಕೆ ಮುಂಚೆ ಒಂದು ದಿನ ತರಬೇತಿಗೆ ಬರಬೇಕು. ಸರಿಯಾಗಿ ಆ ಮತದಾನದ ದಿನವೇ ಅವರ ಹೆಂಡತಿಯ ಕಣ್ಣಿನ ಆಪರೇಷನ್. ಐದು ತಿಂಗಳು ಕಾದ ಮೇಲೆ ಸಿಕ್ಕಿದ್ದ ದಿನ.

ಆಕೆಗೆ ಎರಡೂ ಕಣ್ಣಿಗೆ ಪೊರೆ. ಹೋದ ವಾರ ಗೂಟಕ್ಕೆ ನೇತುಹಾಕಿದ್ದ ಹಳೇ ಕೋಟಿನ ಮುಂದೆ ಅರ್ಧ ಗಂಟೆ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡು, ಇವತ್ತು ಇವರು ಒಂದು ಮಾತಿಗೂ ಸಿಡುಕಲಿಲ್ಲವಲ್ಲ ಎಂದು ಸಂತೋಷಪಟ್ಟಿದ್ದಳು. ಪಕ್ಕದ ಮನೆಯವರು ಕೇಳಿ ಬಿದ್ದು ಬಿದ್ದು ನಕ್ಕರು. ಮೇಷ್ಟ್ರಿಗೆ ಮಾತ್ರ ಕರುಳು ಚುರುಕ್ಕೆಂದಿತು. ಮಕ್ಕಳಿಲ್ಲದ ಮನೆ ಬೇರೆ. ಜೊತೆಗೆ ಮನೆಯವರೊಬ್ಬರು ಇಲ್ಲದಿದ್ದರೆ ಹಾಸಿಗೆಯೇ ಇಲ್ಲವೆಂದು ಆಸ್ಪತ್ರೆಯ ಕೌಂಟರಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು.

ಮೇಷ್ಟ್ರು ವಿನಾಯಿತಿ ಕೇಳಿ ಅರ್ಜಿ ಕೊಟ್ಟರು. ಅದು 'ನೋಡಲಾಗಿದೆ' ಎಂಬ ಮೊಹರು ಹಾಕಿಸಿಕೊಂಡು ವಾಪಸು ಬಂತು. ನೋಡಿದವರು ಯಾರು, ನೋಡಿ ಏನನಿಸಿತು ಎಂಬುದು ಅದರಲ್ಲಿರಲಿಲ್ಲ.

ತರಬೇತಿಯ ದಿನ ಮೋಡ ಮುಸುಕಿಕೊಂಡಿತ್ತು. ಹಾಲಿನಲ್ಲಿ ಅರ್ಧ ಟ್ಯೂಬ್‌ಲೈಟು ಉರಿಯುತ್ತಿರಲಿಲ್ಲ, ಉರಿಯುತ್ತಿದ್ದವು ಮಿಣುಕುತ್ತಿದ್ದವು. ನಲವತ್ತೊಂದು ಜನ ಅಪ್ಪನ ತಿಥಿಗೆ ಬಂದವರಂತೆ ಮುಖ ಮಾಡಿಕೊಂಡು ಕೂತಿದ್ದರು. ತರಬೇತಿ ಕೊಡುವ ಮೇಡಂ ಎಲ್ಲರ ಎದೆಗೂ ಒಂದೊಂದು ನಂಬರಿನ ಚೀಟಿ ಚುಚ್ಚಿಸಿದರು. ಈ ಹಾಲಿನಲ್ಲಿ ಇಲಾಖೆಯಿಲ್ಲ, ಹುದ್ದೆಯಿಲ್ಲ, ನಂಬರು ಮಾತ್ರ ಎಂದರು. ಮೇಷ್ಟ್ರು ಮೂವತ್ತೊಂದು. ಅವರದೇ ಶಾಲೆಯ ಪೀಟಿ ಮಾಸ್ತರು ಮೂವತ್ತೆರಡು.

ಮೊದಲು ಮುಂದಿನ ಸಾಲಿನ ಒಂಬತ್ತು ಜನರನ್ನು ಕರೆದು, ಮತಚೀಟಿಗೆ ಮುದ್ರೆ ಒತ್ತುವುದು, ಮಡಿಸುವುದು, ಪೆಟ್ಟಿಗೆಗೆ ಹಾಕುವುದು ಹೇಗೆಂದು ಕಲಿಸಿದರು. ಒಂಬತ್ತೂ ಜನ ಹೇಳಿದಂತೆ ಕುರ್ಚಿ ಗುರುತಿಗೆ ಒತ್ತಿದರು. ಆಮೇಲೆ ಮೇಡಂ ಒಂದು ಬಾಂಬು ಹಾಕಿದರು. ಸುಳ್ಳು ಚುನಾವಣೆ ಮಾಡಿದರೆ ಯಾರಿಗೂ ಶ್ರದ್ಧೆ ಬರುವುದಿಲ್ಲ, ಅದಕ್ಕೆ ನಿಜವಾದದ್ದೇ ಮಾಡೋಣ. ಈ ಹಾಲಿನಿಂದ ಒಬ್ಬರನ್ನು ಮತದಾನದ ದಿನ ಮನೆಗೆ ಬಿಡುವ ಅಧಿಕಾರ ತಮಗಿದೆ. ಅವರು ಯಾರೆಂದು ನೀವೇ ಆರಿಸಿ.

ಬೇಕೆನ್ನುವವರು ಎದ್ದು ನಿಲ್ಲಿ ಎಂದಾಗ ಮೇಷ್ಟ್ರು ಎಲ್ಲರಿಗಿಂತ ಮೊದಲು ಎದ್ದರು. ಇನ್ನಿಬ್ಬರು ಎದ್ದವರು, ಯಾರಿಗೆಷ್ಟು ಮತವೆಂದು ಎಲ್ಲರೆದುರು ಓದುತ್ತಾರೆಂದ ಮೇಲೆ ನಾಚಿಕೊಂಡು ಕೂತರು. ಉಳಿದದ್ದು ಹದಿನೇಳನೇ ನಂಬರಿನ ಹೆಂಗಸೊಬ್ಬರು. ನಡುವಯಸ್ಸು, ನಿದ್ದೆಗೆಟ್ಟ ಕಣ್ಣು. ಆಕೆ ಕಾರಣ ಹೇಳಲು ಬಾಯಿ ತೆರೆದರು. ಮೇಡಂ ತಡೆದರು.

"ಕಾರಣ ಹೇಳಿದ್ರೆ ಅದು ಪ್ರಚಾರ. ಮತಗಟ್ಟೆ ಒಳಗೆ ಪ್ರಚಾರ ಮಾಡಂಗಿಲ್ಲ."

ಆಕೆಗೆ ಕುರ್ಚಿ, ಮೇಷ್ಟ್ರಿಗೆ ಏಣಿ ಗುರುತು ಬಂತು.

ಮತಗಟ್ಟೆ ಒಳಗೆ ತಾನೇ ಪ್ರಚಾರ ಕೂಡದು? ವಿರಾಮದಲ್ಲಿ ನೀರಿನ ನಲ್ಲಿಯ ಹತ್ತಿರ ಪೀಟಿ ಮಾಸ್ತರು ಕಾರ್ಯಾಚರಣೆ ಶುರುಮಾಡಿದರು. ಬೇಡವೆಂದರೂ ಬಿಡದೆ ಉಪಕಾರ ಮಾಡುವ ಜಾತಿ ಅವರದು. ಹದಿನೇಳನೇ ನಂಬರು ಒಳಗೇ ಕೂತಿದ್ದದ್ದು ಅನುಕೂಲವಾಯಿತು. ಮತಗಟ್ಟೆಯ 'ಸಾಲು ಇಲ್ಲಿಂದ' ಬೋರ್ಡನ್ನು ಅವರವರೇ ಬರೆಸಿಕೊಳ್ಳಬೇಕೆಂಬ ಸುತ್ತೋಲೆ ಎಲ್ಲರ ಕೈಯಲ್ಲೂ ಇತ್ತು. ಏಣಿಗೆ ಒತ್ತಿದವರಿಗೆ ನಮ್ಮ ಮೇಷ್ಟ್ರು ಬಾಣದ ಗುರುತಿನ ಸಮೇತ ಬೋರ್ಡು ಬರೆದುಕೊಡುತ್ತಾರೆ ಎಂದು ಪೀಟಿ ಮಾಸ್ತರು ಒಬ್ಬೊಬ್ಬರ ಕಿವಿಗೂ ಊದಿದರು.

"ಮಾಸ್ತರೇ, ಇದು ಆಮಿಷ ಆಗಲ್ವಾ?" ಎಂದು ಮೇಷ್ಟ್ರು ಅಳುಕುತ್ತಾ ಕೇಳಿದರು.

"ಆಮಿಷ ಏನು ಬಂತು ಸಾರ್, ಕಲಾಸೇವೆ. ನಿಮ್ಮನೆಯವರ ಕಣ್ಣು ನೆನಸ್ಕೊಳ್ಳಿ, ಸುಮ್ನಿರಿ."

ಕಣ್ಣು ಎಂದ ಕೂಡಲೇ ಮೇಷ್ಟ್ರು ಬೋರ್ಡು ಬರೆಯಲು ಒಪ್ಪಿಕೊಂಡರು. ಒಳಗೆ ಕಲಿಯುತ್ತಿದ್ದದ್ದು ನ್ಯಾಯವಾದ ಚುನಾವಣೆ, ಹೊರಗೆ ನಡೆದದ್ದು ಇದು.

ಚುನಾವಣೆ ನಡೆಸುವ ಹೊಣೆ ಹೊತ್ತವರು ಎಂಟನೇ ನಂಬರಿನವರು, ತೂಕಡಿಸುತ್ತಲೇ ನಡೆಸಿದರು. ಮತ ಎಣಿಸಿದಾಗ ಕುರ್ಚಿಗೆ ಇಪ್ಪತ್ತೊಂಬತ್ತು, ಏಣಿಗೆ ಇಪ್ಪತ್ತೊಂದು. ಹದಿನೇಳನೇ ನಂಬರಿನ ಹೆಂಗಸು ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರು. ಆಕ್ಷೇಪಣೆ ಇದೆಯೇ ಎಂದು ಮೇಡಂ ಪದ್ಧತಿಯಂತೆ ಕೇಳಿದರು. ಎಲ್ಲರಿಗೂ ಊಟದ ಹೊತ್ತು, ಯಾರಿಗೆ ಆಕ್ಷೇಪಣೆ?

ಮೇಷ್ಟ್ರು ಮೂವತ್ತು ವರ್ಷ ಮಕ್ಕಳಿಂದ ಬಣ್ಣದ ಪೆನ್ಸಿಲು ಎಣಿಸಿ ವಾಪಸು ತೆಗೆದುಕೊಂಡವರು. ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಎದ್ದು ನಿಂತರು.

"ಮೇಡಂ, ಸಹಿ ಹಾಕಿದೋರು ನಲವತ್ತೊಂದು. ಚೀಟಿ ಐವತ್ತು ಬಂದಿದೆ. ಬೆಳಿಗ್ಗೆ ಕಲಿಯೋಕೆ ಹಾಕಿದ್ದ ಒಂಬತ್ತು ಚೀಟಿ ಪೆಟ್ಟಿಗೇಲೇ ಉಳ್ಕೊಂಡಿತ್ತು. ಖಾಲಿ ಪೆಟ್ಟಿಗೆ ತಲೆಕೆಳಗೆ ಮಾಡಿ ತೋರಿಸ್ಲೇ ಇಲ್ಲ."

ಎಂಟನೇ ನಂಬರಿನ ನಿದ್ದೆ ಹಾರಿಹೋಯಿತು. ಮೇಡಂ ಮುಖದಲ್ಲಿ ಆ ದಿನದ ಮೊದಲ ಗೆಲುವು ಕಂಡಿತು. ಚುನಾವಣೆಗೆ ಇಂಥವರು ಬೇಕು, ಎಲ್ಲರೂ ನೋಡಿ ಕಲಿಯಿರಿ ಎಂದು ಕೈತಟ್ಟಿಸಿದರು. ಒಂಬತ್ತು ಕಳೆದು ಲೆಕ್ಕ ಸರಿಮಾಡುವುದು ನಿಯಮದಲ್ಲಿಲ್ಲದ ಕಾರಣ ಮರುಮತದಾನವಾಗಲಿ ಎಂದರು. ಊಟ ತಡವಾಯಿತೆಂದು ಹಿಂದಿನ ಸಾಲು ಗೊಣಗಿತು.

ಎರಡನೇ ಸಲ ಮತ ಹಾಕುವ ಮರೆಯೊಳಗೆ ನಿಂತಾಗ ಮೇಷ್ಟ್ರು ಯೋಚನೆಗೆ ಬಿದ್ದರು. ತನಗೆ ತಾನೇ ಒತ್ತಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವೇ? ಆ ಹೆಂಗಸಿಗೂ ಏನು ತಾಪತ್ರಯವೋ. ಮುದ್ರೆ ಕುರ್ಚಿಯ ಹತ್ತಿರ ಹೋಯಿತು. ಆಗ ಗೂಟದ ಕೋಟಿಗೆ ಕಷ್ಟ ಹೇಳಿಕೊಳ್ಳುತ್ತಿದ್ದ ಹೆಂಡತಿಯ ನೆನಪಾಗಿ ಏಣಿಗೆ ಒತ್ತಿಬಿಟ್ಟರು.

ಏಣಿಗೆ ಇಪ್ಪತ್ತೊಂದು, ಕುರ್ಚಿಗೆ ಇಪ್ಪತ್ತು.

ಹದಿನೇಳನೇ ನಂಬರು ಹತ್ತಿರ ಬಂದು ಕೈಮುಗಿದರು. "ನನಗೂ ಆ ದಿನ ತಪ್ಪಿಸೋಕಾಗದ ಕೆಲಸ ಇತ್ತು. ಇರ್ಲಿ, ನಿಮ್ಮದು ಇನ್ನೂ ದೊಡ್ಡದಿರಬಹುದು" ಎಂದು ಚೀಟಿ ಕಿತ್ತು ಮೇಜಿನ ಮೇಲಿಟ್ಟು ಹೋದರು. ಮೇಷ್ಟ್ರಿಗೆ ಪಾಪವೆನಿಸಿತು. ಆದರೂ ಗೆದ್ದೆನೆಂಬ ಸಂತೋಷ ಪಾಪಕ್ಕಿಂತ ದೊಡ್ಡದಾಗಿತ್ತು.

ಪೀಟಿ ಮಾಸ್ತರು ಬೋರ್ಡು ಬೇಕಾದ ಇಪ್ಪತ್ತು ಜನರ ಪಟ್ಟಿ ಕೈಗಿತ್ತರು. ಮೊದಲನೇ ಹೆಸರು ಅವರದ್ದೇ. ಮೇಷ್ಟ್ರು ಅಂಗಡಿಗೆ ಹೋಗಿ, ರಟ್ಟು ಹೊತ್ತು, ಕಪ್ಪು ಬಣ್ಣದ ಡಬ್ಬಿ ಹಿಡಿದು ಸಂಜೆ ಮನೆ ಸೇರಿದರು. ಸಿಹಿಸುದ್ದಿಯನ್ನು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪಿಸಿಕೊಂಡಿದ್ದರು.

ಹೆಂಡತಿ ಕತ್ತಲೆಯ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದಳು. ಬಾಗಿಲ ಸದ್ದು ಕೇಳಿ ಎದ್ದು, ಗೂಟದ ಕಡೆಗೆ ತಿರುಗಿದಳು.

"ಬಂದ್ರಾ? ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣ್ರೀ. ಆಪರೇಷನ್ ಮುಂದಕ್ಕೆ ಹೋಯ್ತು. ಇನ್ನು ನಾಲ್ಕು ತಿಂಗಳು ಬಿಟ್ಟು."

ಮೇಷ್ಟ್ರು ರಟ್ಟನ್ನು ಗೋಡೆಗೆ ಒರಗಿಸಿದರು. ಯಾಕೆ ಎಂದು ಅವರು ಕೇಳುವ ಮೊದಲೇ ಆಕೆಯೇ ಹೇಳಿದಳು. ಕಣ್ಣಿನ ಆಪರೇಷನ್ನಿಗೆ ಡಾಕ್ಟರ ಜೊತೆ ನಿಲ್ಲುವುದು ಒಬ್ಬರೇ ನರ್ಸಮ್ಮನಂತೆ. ಅವರಿಗೂ ಚುನಾವಣೆ ಡ್ಯೂಟಿ ಬಿದ್ದಿದೆಯಂತೆ. ಪಾಪ, ಇವತ್ತು ಬಿಡಿಸಿಕೊಳ್ಳಲು ಹೋಗಿದ್ದರಂತೆ, ಒಂದೇ ಒಂದು ಮತದಲ್ಲಿ ಹೋಯಿತಂತೆ. ಫೋನ್ ಮಾಡಿದ್ದೂ ಆ ನರ್ಸಮ್ಮನೇ, ಅಳುವ ಹಾಗೆ ಮಾತಾಡಿದರು.

"ಮೊದಲು ಅವರೇ ಗೆದ್ದಿದ್ರಂತೆ ಕಣ್ರೀ. ಯಾರೋ ಒಬ್ಬ ಎದ್ದು ನಿಂತು, ಲೆಕ್ಕ ತಪ್ಪಿದೆ ಅಂತ ಎಲ್ಲಾ ಕೆಡಿಸಿದನಂತೆ. ಅವನ ಮನೇಲಿ ಯಾರಿಗಾದ್ರೂ ಕಣ್ಣು ಕಾಣದೇ ಇದ್ದಿದ್ರೆ ಅವನಿಗೆ ಗೊತ್ತಾಗ್ತಿತ್ತು."

ಇಷ್ಟನ್ನೂ ಆಕೆ ಕೋಟಿಗೇ ಹೇಳಿದಳು. ಮೇಷ್ಟ್ರು ಬಾಗಿಲ ಹತ್ತಿರವೇ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಇಲ್ಲಿದ್ದೀನಿ ಎಂದು ಹೇಳಲು ಅವರಿಗೆ ಧೈರ್ಯವಾಗಲಿಲ್ಲ.